ಹೂಮಳೆಯೊಂದೇ ಸಾಲದು

ಕೊಡಗಿನ ಗೋಣಿಕೊಪ್ಪಲಿನಲ್ಲಿ ಒಂದು ಸಂಜೆ ಆಡಿದ ಮಾತುಗಳಿವು. ಅಲ್ಲಿ ಹೇಳಲು ಮರೆತ ಒಂದೆರಡು ವಿಷಯವನ್ನು ಬರೆಯುವಾಗ ಸೇರಿಸಿದ್ದೇನೆ. ಮಧ್ಯೆ ಕರೆಂಟ್ ಹೋಗಿದ್ದನ್ನೂ ಜನರೇಟರ್ ಸದ್ದಿನಲ್ಲಿ ನಾನು ಕಿರುಚಿದ್ದನ್ನೂ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಾನು ವಕೀಲನಲ್ಲ, ಡಾಕ್ಟರೂ ಅಲ್ಲ. ನಾಪೋಕ್ಲು ಕಡೆ ಏಳು ಎಕರೆ ರೋಬಸ್ಟಾ ಕಾಫಿ ನೋಡಿಕೊಂಡಿದ್ದವನು. ಈಗ ತೋಟ ತಮ್ಮನ ಕೈಯಲ್ಲಿದೆ, ನಾನು ಟೆಕ್ಸಾಸಿನಲ್ಲಿ ಹೆಂಡತಿಯ ಜೊತೆ ಇದ್ದೇನೆ. ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಅಂತ ಇಬ್ಬರೂ ಬಂದಿದ್ದೇವೆ.

ಅವಳು ನರ್ಸ್. ಮದುವೆಗೆ ಎಷ್ಟೋ ಮೊದಲೇ ಅಮೆರಿಕಕ್ಕೆ ಹೋದವಳು. ಅಲ್ಲಿಯ ಪೌರತ್ವವೂ ಸಿಕ್ಕಿತ್ತು. ಮದುವೆ ಇಲ್ಲಿ ಆಯಿತು. ಮೂರನೇ ವಾರ ಅವಳು ಹೊರಟಳು, ನಾನು ಉಳಿದೆ. "ಹೆಂಡತಿ ಹಿಂದೆ ಹೋಗೋನು" ಅಂತ ಕುಶಾಲಿಗೆ ಕರೆದವರು ಈ ಸಭೆಯಲ್ಲೂ ಇದ್ದಾರೆ. ಇರಲಿ.

ಇವತ್ತು ನಾನು ಹೇಳುವುದು ಅವಳ ಕಾಯಿಲೆ ಮತ್ತು ನನ್ನ ವೀಸಾದ ಕಥೆ. ಅವಳನ್ನು ಕೇಳಿಯೇ ಹೇಳುತ್ತಿದ್ದೇನೆ. "ಹೇಳು, ಆದರೆ ಕೇಳಿದವರು ಅಯ್ಯೋ ಪಾಪ ಅನ್ನೋ ಹಾಗೆ ಹೇಳಬೇಡ" ಎಂದಿದ್ದಾಳೆ.

ಮದುವೆಯಾದ ವರ್ಷದ ಪುತ್ತರಿ ಅದು. ಐನ್‌ಮನೆಯಲ್ಲಿ, ಅಂದರೆ ಕುಲದ ಮೂಲಮನೆಯಲ್ಲಿ, ಎಲ್ಲರೂ ಸೇರಿದ್ದೆವು. ಗದ್ದೆಯಲ್ಲಿ ಗುಂಡು ಹೊಡೆದು, ಕದಿರು ಕೊಯ್ದು "ಪೊಲಿ ಪೊಲಿ ದೇವಾ" ಎಂದು ಕೂಗುವುದು ಅವಳಿಗೂ ಕೇಳಲಿ ಅಂತ ವಿಡಿಯೊ ಕಾಲ್ ಮಾಡಿದೆ. ಇಲ್ಲಿ ರಾತ್ರಿ ಎಂಟು, ಅಲ್ಲಿ ಬೆಳಗ್ಗೆ ಎಂಟೂವರೆ. ರಾತ್ರಿ ಪಾಳಿ ಮುಗಿಸಿ ಕಾರಿನಲ್ಲಿ ಕೂತಿದ್ದಳು. ನಕ್ಕಳು. ಎಲ್ಲರಿಗೂ ಕೈ ಬೀಸಿದಳು. ಉಳಿದವರು ಮುಂದೆ ಹೋದ ಮೇಲೆ ಮೆಲ್ಲಗೆ ಹೇಳಿದಳು: "ಡ್ಯೂಟಿ ಮುಗಿದು ಒಂದೂವರೆ ಗಂಟೆ ಆಯ್ತು. ಪಾರ್ಕಿಂಗಲ್ಲೇ ಕೂತಿದ್ದೀನಿ. ಕಾರು ಸ್ಟಾರ್ಟ್ ಮಾಡೋಕೆ ಕೈ ಬರ್ತಿಲ್ಲ."

ಕಾರು ಕೆಟ್ಟಿದೆ ಅಂದುಕೊಂಡೆ. ನಿಜವಾಗಿಯೂ ಹಾಗೇ ಅಂದುಕೊಂಡೆ. ಬ್ಯಾಟರಿ ನೋಡು ಎಂದೆ.

ಮುಂದಿನ ಒಂದೂವರೆ ತಿಂಗಳಲ್ಲಿ ಅವಳು ನಿದ್ದೆ ಬಿಟ್ಟಳು, ಊಟ ಬಿಟ್ಟಳು, ಆಮೇಲೆ ಕೆಲಸಕ್ಕೂ ಹೋಗಲಾಗಲಿಲ್ಲ. ಡಾಕ್ಟರು ಖಿನ್ನತೆ ಎಂದರು, ಜೊತೆಗೆ ಪ್ಯಾನಿಕ್ ಅಟ್ಯಾಕ್. ನಾನು ಮನೆಯಲ್ಲಿ ಅವ್ವನಿಗೆ ಏನು ಹೇಳಿದೆ ಗೊತ್ತಾ? ಥೈರಾಯ್ಡ್. ನಮ್ಮಲ್ಲಿ ಕಾಡುಹಂದಿ ತಿವಿದರೆ ಊರಿಗೆಲ್ಲ ಹೇಳುತ್ತೇವೆ, ಹೊಲಿಗೆ ಎಷ್ಟು ಬಿತ್ತು ಎಂದು ಲೆಕ್ಕ ಒಪ್ಪಿಸುತ್ತೇವೆ. ಮನಸ್ಸಿಗೆ ಏಟು ಬಿದ್ದರೆ ಮಾತ್ರ ಒಕ್ಕದ, ಅಂದರೆ ಕುಲದ, ಹೆಸರು ನೆನಪಾಗುತ್ತದೆ, ಮದುವೆಯಾಗದೆ ಉಳಿದ ತಂಗಿ ನೆನಪಾಗುತ್ತಾಳೆ. ನಾನೂ ಅದನ್ನೇ ಮಾಡಿದೆ. ಇದನ್ನು ಮೊದಲೇ ಹೇಳುತ್ತಿರುವುದು ಯಾಕೆಂದರೆ, ಮುಂದೆ ವೀಸಾ ಕಾಗದದಲ್ಲಿ ಆದ ತಪ್ಪಿಗೆಲ್ಲ ಈ ಥೈರಾಯ್ಡೇ ಮೂಲ.

ಈಗ ದಾರಿ ಯಾವುದು ಎಂದು ಬೇಗ ಹೇಳಿಬಿಡುತ್ತೇನೆ. ಅಮೆರಿಕದ ಪೌರರು ಗಂಡನನ್ನೋ ಹೆಂಡತಿಯನ್ನೋ ಕರೆಸಿಕೊಳ್ಳಬೇಕಾದರೆ ಮೊದಲು ಐ-130 ಅರ್ಜಿ ಹಾಕಬೇಕು. 2024ರ ಏಪ್ರಿಲ್‌ನಲ್ಲಿ ಬಂದ ದರದಂತೆ ಆನ್‌ಲೈನ್‌ನಲ್ಲಾದರೆ 625 ಡಾಲರ್, ಕಾಗದದಲ್ಲಾದರೆ 675. ಅದನ್ನು ನೋಡುವುದು ಯುಎಸ್‌ಸಿಐಎಸ್ ಎಂಬ ವಲಸೆ ಇಲಾಖೆ. ಅಲ್ಲಿ ಪಾಸಾದರೆ ಫೈಲು ನ್ಯಾಷನಲ್ ವೀಸಾ ಸೆಂಟರಿಗೆ ಹೋಗುತ್ತದೆ. ಅಲ್ಲಿ ಮತ್ತೆ ಫೀಸು, ವೀಸಾ ಅರ್ಜಿ, ಸ್ಪಾನ್ಸರ್ ಮಾಡುವವರ ಸಂಪಾದನೆಯ ಪತ್ರ, ನಮ್ಮ ಕಡೆಯ ದಾಖಲೆಗಳು. ಕೊನೆಗೆ ಮೆಡಿಕಲ್ ತಪಾಸಣೆ ಮತ್ತು ಮುಂಬೈಯಲ್ಲಿ ಸಂದರ್ಶನ. ಮೂರು ಕಡಂಗ, ಅಂದರೆ ಕಂದಕ, ದಾಟಿದ ಹಾಗೆ ಅಂದುಕೊಳ್ಳಿ.

ಪೌರರ ಗಂಡ-ಹೆಂಡತಿಗೆ ವರ್ಷಕ್ಕೆ ಇಷ್ಟೇ ವೀಸಾ ಎಂಬ ಮಿತಿ ಇಲ್ಲ. ಗ್ರೀನ್ ಕಾರ್ಡ್ ಮಾತ್ರ ಇರುವವರ ಗಂಡ-ಹೆಂಡತಿಗೆ ಮಿತಿ ಇದೆ, ಸರದಿ ಇದೆ. ಇದು ದೊಡ್ಡ ವ್ಯತ್ಯಾಸ. ಸರದಿ ಬರದಿದ್ದರೆ ಎಷ್ಟೇ ತುರ್ತು ಇದ್ದರೂ ಅಧಿಕಾರಿ ವೀಸಾ ಕೊಡುವ ಹಾಗಿಲ್ಲ. ಮೊದಲು ನೀವು ಯಾವ ಸಾಲಿನಲ್ಲಿ ನಿಂತಿದ್ದೀರಿ ನೋಡಿಕೊಳ್ಳಿ.

"ದುಡ್ಡು ಜಾಸ್ತಿ ಕಟ್ಟಿದರೆ ಬೇಗ ಆಗಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಕೆಲಸದ ವೀಸಾದ ಕೆಲವು ಅರ್ಜಿಗಳಿಗೆ ಪ್ರೀಮಿಯಂ ಪ್ರೊಸೆಸಿಂಗ್ ಅಂತ ಇದೆ. ಐ-130ಕ್ಕೆ ಇಲ್ಲ. ಇದೆ ಎಂದು ಹೇಳಿ ನಿಮ್ಮಿಂದ ಹಣ ಕೇಳಿದ ಏಜೆಂಟಿಗೆ ಒಂದು ಕಾಫಿ ಕೊಟ್ಟು ಕಳಿಸಿ, ಅಷ್ಟು ಸಾಕು.

ಇರುವುದು ಒಂದೇ ಬಾಗಿಲು. ಎಕ್ಸ್‌ಪೆಡೈಟ್ ಎನ್ನುತ್ತಾರೆ, ನಮ್ಮ ಫೈಲನ್ನು ಸಾಲಿನಿಂದ ಎತ್ತಿ ಮುಂದೆ ಇಡಿ ಎಂಬ ಕೋರಿಕೆ. ಇದಕ್ಕೆ ಫೀಸಿಲ್ಲ. ಕಾರಣಗಳನ್ನು ಇಲಾಖೆಯೇ ಹೇಳಿದೆ: ಭಾರೀ ಹಣಕಾಸಿನ ನಷ್ಟ, ಮಾನವೀಯ ತುರ್ತು, ಸರ್ಕಾರದ ಹಿತ, ಇಲಾಖೆಯದೇ ತಪ್ಪು, ಹೀಗೆ. ಗಂಭೀರ ಕಾಯಿಲೆ ಬರುವುದು ಮಾನವೀಯ ತುರ್ತಿನ ಕೆಳಗೆ. ಕೊಡುವುದೂ ಬಿಡುವುದೂ ಅಧಿಕಾರಿಯ ವಿವೇಚನೆ. ಇಲ್ಲ ಎಂದರೆ ಅಪೀಲು ಇಲ್ಲ. ಹೊಸ ದಾಖಲೆ ಇದ್ದರೆ ಮತ್ತೆ ಕೇಳಬಹುದು. ಇನ್ನೊಂದು ವಿಷಯ, ಹೌದು ಎಂದರೂ ಫೈಲು ಬೇಗ ನೋಡುತ್ತಾರೆ ಅಷ್ಟೇ. ಪಾಸಾಯಿತು ಎಂದಲ್ಲ.

ನಮ್ಮ ಮೊದಲ ಕೋರಿಕೆ ಬಿದ್ದುಹೋಯಿತು. ತೋಟದಲ್ಲಿ ಕೊಯ್ಲು ನಡೆಯುತ್ತಿತ್ತು. ನಮ್ಮ ಮನೆಯ ಹತ್ತಿರ ನೆಟ್‌ವರ್ಕ್ ಇಲ್ಲ, ಮೇಲಿನ ಬಾಣೆ ಹತ್ತಬೇಕು. ಹತ್ತಿ ನೋಡಿದರೆ ಅವಳ ಮೆಸೇಜು: "ಇಲ್ಲ ಅಂದರು." ಕೆಳಗೆ ಚೀಲ ತೂಕ ಹಾಕಲು ನನಗಾಗಿ ಕಾಯುತ್ತಿದ್ದರು. ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ.

ಯಾಕೆ ಬಿತ್ತು ಎಂದು ಆಗ ಸಿಟ್ಟು ಬಂದಿತ್ತು. ಈಗ ಆ ಕಾಗದ ಓದಿದರೆ ನಾನೇ ಅಧಿಕಾರಿಯಾಗಿದ್ದರೂ ಇಲ್ಲ ಎನ್ನುತ್ತಿದ್ದೆ. ಅವಳ ಡಾಕ್ಟರ ಕ್ಲಿನಿಕ್ಕಿನಿಂದ ಬಂದದ್ದು ಎರಡು ಸಾಲು: ನನ್ನ ರೋಗಿಗೆ ಖಿನ್ನತೆ ಇದೆ, ಗಂಡ ಜೊತೆಗಿದ್ದರೆ ಒಳ್ಳೆಯದು. ದೂರದಲ್ಲಿರುವ ಯಾವ ಗಂಡ-ಹೆಂಡತಿಗೆ ಈ ಮಾತು ಹೊಂದುವುದಿಲ್ಲ ಹೇಳಿ? ಸಾಲಿನಲ್ಲಿ ನಿಂತವರೆಲ್ಲ ಬೇಜಾರಿನಲ್ಲೇ ಇದ್ದಾರೆ. ನಮ್ಮ ಬೇಜಾರಿಗೂ ಅವಳ ಕಾಯಿಲೆಗೂ ಇರುವ ವ್ಯತ್ಯಾಸ ಆ ಎರಡು ಸಾಲಿನಲ್ಲಿ ಎಲ್ಲೂ ಇರಲಿಲ್ಲ.

ತಪ್ಪು ಡಾಕ್ಟರದ್ದು ಅಂತ ಹೇಳಿ ಕೈತೊಳೆದುಕೊಳ್ಳುವ ಹಾಗಿಲ್ಲ. ಅವಳೇ ಡಾಕ್ಟರ ಹತ್ತಿರ ಅರ್ಧ ಹೇಳಿದ್ದಳು. ನರ್ಸಿಂಗ್ ಲೈಸೆನ್ಸಿಗೆ ತೊಂದರೆ ಆದೀತು ಎಂಬ ಹೆದರಿಕೆ ಅವಳಿಗೆ. ನಾನು ಇಲ್ಲಿ ಥೈರಾಯ್ಡ್ ಎಂದೆ, ಅವಳು ಅಲ್ಲಿ "ಸ್ವಲ್ಪ ಸುಸ್ತು" ಎಂದಳು. ಇಬ್ಬರೂ ಮುಚ್ಚಿಟ್ಟು, ಆಮೇಲೆ ಒಂದು ದಿನ ಸರ್ಕಾರದ ಮುಂದೆ ಹೋಗಿ "ಕಾಯಿಲೆ ಗಂಭೀರ, ಬೇಗ ಮಾಡಿ" ಎಂದರೆ ಯಾರು ನಂಬುತ್ತಾರೆ?

ಸಿಟ್ಟಿನಲ್ಲಿ ನಾನೇ ಆ ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಇಲ್ಲಿ ಮಧ್ಯರಾತ್ರಿ. ಅವರು ಅವಳು ತಮ್ಮ ರೋಗಿ ಹೌದೋ ಅಲ್ಲವೋ ಅಂತಲೂ ಹೇಳಲಿಲ್ಲ. ಗಂಡ ಎಂದೆ. ಇರಬಹುದು ಎಂದರು. 1996ರ ಹಿಪಾ ಎಂಬ ಕಾನೂನು ಅಲ್ಲಿದೆ, ರೋಗಿ ಒಪ್ಪಿ ಸಹಿ ಹಾಕದೆ ಹೀಗೆ ಫೋನ್ ಮಾಡಿದವರಿಗೆ ಬಾಯಿ ಬಿಡುವುದಿಲ್ಲ. ಆವತ್ತು ಬೈದುಕೊಂಡೆ. ಆಮೇಲೆ ಯೋಚಿಸಿದೆ. ಇಲ್ಲಿ ನಮ್ಮ ಪೇಟೆಯ ಕ್ಲಿನಿಕ್ಕಿನ ಬೆಂಚಿನಲ್ಲಿ ಕೂತರೆ ಪಕ್ಕದವರ ಕಾಯಿಲೆ ನಮಗೂ ನಮ್ಮದು ಅವರಿಗೂ ಗೊತ್ತಾಗಿರುತ್ತದೆ. ನಮ್ಮ 2017ರ ಮಾನಸಿಕ ಆರೋಗ್ಯ ಕಾನೂನೂ ಗುಟ್ಟು ಕಾಪಾಡಬೇಕು ಎಂದೇ ಹೇಳುತ್ತದೆ. ಬೆಂಚಿಗೆ ಮಾತ್ರ ಆ ಕಾನೂನು ಗೊತ್ತಿಲ್ಲ.

ಎರಡನೇ ಕಾಗದ ಬರೆಸಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳಲ್ಲಿ ಅವಳು ಮನೋವೈದ್ಯರ ಹತ್ತಿರ ತಪ್ಪದೆ ಹೋದಳು, ಮೊದಲ ಬಾರಿಗೆ ಪೂರ್ತಿ ಹೇಳಿದಳು. ಕಾಗದ ಎರಡು ಪುಟ ಬಂತು. ಕಾಯಿಲೆಯ ಹೆಸರು, ಯಾವಾಗ ಶುರುವಾಯಿತು, ಯಾವ ಮಾತ್ರೆ, ಎಷ್ಟು ಸಲ ಬದಲಾಯಿಸಿದರು, ಥೆರಪಿ ವಾರಕ್ಕೆ ಎಷ್ಟು ದಿನ, ಏನು ಫಲ ಕೊಟ್ಟಿತು, ಏನು ಕೊಡಲಿಲ್ಲ. ಕಾರು ಓಡಿಸಲು ಆಗುತ್ತಿಲ್ಲ, ಹಾಗಾಗಿ ಚಿಕಿತ್ಸೆಗೇ ಹೋಗುವುದು ತಪ್ಪುತ್ತಿದೆ. ಆ ಊರಿನಲ್ಲಿ ಅವಳಿಗೆ ನೆಂಟರು ಯಾರೂ ಇಲ್ಲ. ಗಂಡ ಬಂದರೆ ನಿರ್ದಿಷ್ಟವಾಗಿ ಏನು ಬದಲಾಗುತ್ತದೆ: ಮಾತ್ರೆ ಹೊತ್ತಿಗೆ ಸರಿಯಾಗಿ, ರಾತ್ರಿ ಒಬ್ಬರು ಜೊತೆಗೆ, ಆಸ್ಪತ್ರೆಗೆ ಕರೆದುಕೊಂಡು ಹೋಗಲು ಒಂದು ಜೀವ. ಇನ್ನೂ ಆರು ತಿಂಗಳು ಕಾಯುವ ಸ್ಥಿತಿ ಯಾಕೆ ಇಲ್ಲ. ಕೆಳಗೆ ಡಾಕ್ಟರ ಲೈಸೆನ್ಸ್ ನಂಬರು, ಫೋನು, ಹೊಸ ತಾರೀಖು. ಅದರ ಜೊತೆ ಔಷಧಿ ಅಂಗಡಿಯ ದಾಖಲೆ, ಕೆಲಸದ ಕಡೆಯಿಂದ ರಜೆಯ ಪತ್ರ.

ಒಂದು ಪ್ರಶ್ನೆ ಅವರೇ ಕೇಳುತ್ತಾರೆ ಎಂದು ನಮಗೆ ಗೊತ್ತಿತ್ತು. ಕಾಯಿಲೆಯಾದರೆ ಅವಳೇ ಗಂಡನ ಊರಿಗೆ ಹೋಗಬಹುದಲ್ಲ? ಹೋಗಬಹುದು, ಬಂದಿದ್ದಳು ಕೂಡ. ಅಲ್ಲಿ 1993ರಿಂದ ಒಂದು ಕಾನೂನಿದೆ, ದೊಡ್ಡ ಸಂಸ್ಥೆಯಲ್ಲಿ ವರ್ಷ ಪೂರ್ತಿ ದುಡಿದವರಿಗೆ ಕಾಯಿಲೆಗೆ 12 ವಾರದವರೆಗೆ ಸಂಬಳವಿಲ್ಲದ ರಜೆ, ಕೆಲಸ ಹೋಗುವುದಿಲ್ಲ. ಅದರಲ್ಲಿ ಐದು ವಾರ ಇಲ್ಲಿ ಬಂದು ಇದ್ದಳು. ಮಡಿಕೇರಿಯಿಂದ 120 ಕಿಲೋಮೀಟರ್ ಮೈಸೂರಿಗೆ ಹೋಗಿ ಡಾಕ್ಟರಿಗೆ ತೋರಿಸಿದೆವು. ಚೇತರಿಸಿಕೊಂಡಳು. ಆದರೆ ವಾಪಸ್ ಹೋಗದಿದ್ದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಇನ್ಶೂರೆನ್ಸ್ ಹೋಗುತ್ತದೆ. ಇನ್ಶೂರೆನ್ಸ್ ಇಲ್ಲದೆ ಅಲ್ಲಿ ಚಿಕಿತ್ಸೆ ಎಂದರೆ ತೋಟ ಮಾರಿದ ಹಾಗೆ. ಅಷ್ಟೇ ಅಲ್ಲ, ನನ್ನನ್ನು ಸ್ಪಾನ್ಸರ್ ಮಾಡುವವಳೇ ಅವಳು. ಅವಳ ಸಂಪಾದನೆ ಅವರ ಬಡತನ ರೇಖೆಯ ಶೇಕಡಾ 125ರಷ್ಟಾದರೂ ಇರಬೇಕು. ಕಾಯಿಲೆಯಿಂದ ಕೆಲಸ ಬಿಟ್ಟರೆ ಗಂಡನನ್ನು ಕರೆಸುವ ಯೋಗ್ಯತೆಯೂ ಹೋಗುವ ಭಯ. ಹಾಗಾದಾಗ ಅಲ್ಲಿ ನೆಲೆಸಿದ ಪೌರರೋ ಗ್ರೀನ್ ಕಾರ್ಡಿನವರೋ ಜೊತೆಯಲ್ಲಿ ಸಹಿ ಹಾಕಬಹುದು. ನಮಗೆ ಅವಳ ಜೊತೆ ಕೆಲಸ ಮಾಡುವ ಮಲಯಾಳಿ ನರ್ಸೊಬ್ಬರು, ನಮ್ಮ ನೆಂಟರೇನೂ ಅಲ್ಲ, "ನಾನು ಹಾಕ್ತೀನಿ" ಎಂದರು. ಆ ಸಹಿ ಎಂದರೆ ಮುಂದೆ ವರ್ಷಗಟ್ಟಲೆ ನನ್ನ ಹೊಣೆ ಹೊತ್ತ ಹಾಗೆ. ಗೊತ್ತಿದ್ದೂ ಹಾಕಿದರು.

ಎರಡನೇ ಕೋರಿಕೆಗೆ ಹೌದು ಎಂದರು. ಐ-130 ಬೇಗ ಪಾಸಾಯಿತು. ನಾನು ಪೆಟ್ಟಿಗೆ ಕಟ್ಟಲು ಶುರು ಮಾಡಿದೆ.

ಇಲ್ಲಿ ಬೆಳೆಗಾರರು ತುಂಬ ಜನ ಇದ್ದೀರಿ, ಈ ಹೋಲಿಕೆ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಮಾರ್ಚಿನಲ್ಲಿ ಹೂಮಳೆ ಬಂತು, ತೋಟ ಬೆಳ್ಳಗಾಯಿತು, ಘಮ ಹರಡಿತು. ಆಮೇಲೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಬರದಿದ್ದರೆ? ನಮ್ಮದೂ ಅದೇ ಕಥೆ. ಮೊದಲ ಕಚೇರಿ ತುರ್ತು ಎಂದು ಒಪ್ಪಿದ್ದನ್ನು ಎರಡನೇ ಕಚೇರಿ ತಾನಾಗಿ ಮುಂದುವರಿಸುವುದಿಲ್ಲ. ನ್ಯಾಷನಲ್ ವೀಸಾ ಸೆಂಟರಿನಲ್ಲಿ ಮತ್ತೆ ಹೊಸದಾಗಿ ಕೇಳಬೇಕು. ಅವರ ಅಳತೆ ಇನ್ನೂ ಬಿಗಿ. ಜೀವ ಹೋಗುವಂಥ ವೈದ್ಯಕೀಯ ತುರ್ತು ಎಂದು ಡಾಕ್ಟರು ಬರೆದುಕೊಡಬೇಕು ಎನ್ನುತ್ತಾರೆ. ಅವರು ಅದನ್ನು ದೂತಾವಾಸಕ್ಕೆ ಕಳಿಸುತ್ತಾರೆ, ಕೊನೆಯ ಮಾತು ದೂತಾವಾಸದ್ದು. ಕೈ ಮುರಿದರೆ ಎಕ್ಸ್‌ರೇ ತೋರಿಸಬಹುದು. ಖಿನ್ನತೆಯಲ್ಲಿ ಜೀವದ ಪ್ರಶ್ನೆ ಯಾವಾಗ ಶುರುವಾಯಿತು ಎಂದು ಯಾವ ಎಕ್ಸ್‌ರೇ ಹೇಳುತ್ತದೆ? ಅವಳ ಡಾಕ್ಟರು ಪ್ರಾಮಾಣಿಕರು. "ಅಪಾಯ ಹೆಚ್ಚುತ್ತಿದೆ ಎಂದು ಬರೆಯುತ್ತೇನೆ, ಇಲ್ಲದ್ದನ್ನು ಬರೆಯಲಾರೆ" ಎಂದರು. ಆಗ ನನಗೆ ಅವರ ಮೇಲೆ ಕೋಪ ಬಂತು. ಅವರು ಬರೆಯದಿದ್ದದ್ದೇ ಒಳ್ಳೆಯದಾಯಿತು, ಇಲ್ಲದ್ದನ್ನು ಬರೆಸಿದ ಇನ್ನೊಂದು ಮನೆಯ ಕಥೆ ಮುಂದೆ ಹೇಳುತ್ತೇನೆ.

ಅದಕ್ಕೂ ಮೊದಲು ನಾವು ಎಡವಿದ್ದು ಹೆಸರಿನಲ್ಲಿ. ನಗಬೇಡಿ. ನಮ್ಮಲ್ಲಿ ಮನೆಹೆಸರು ಮುಂದೆ, ನಮ್ಮ ಹೆಸರು ಹಿಂದೆ. ನನ್ನ ಪಾಸ್‌ಪೋರ್ಟಿನಲ್ಲಿ ಮನೆಹೆಸರು ಪೂರ್ತಿ ಇದೆ. ಮಾರ್ಕ್ಸ್ ಕಾರ್ಡಿನಲ್ಲಿ ಒಂದೇ ಅಕ್ಷರ. ಜನನ ಪ್ರಮಾಣಪತ್ರದಲ್ಲಿ ಮನೆಹೆಸರೇ ಇಲ್ಲ. ಮದುವೆಯ ಸರ್ಟಿಫಿಕೇಟಿನಲ್ಲಿ ಅವಳ ಹೆಸರಿನ ಜೊತೆ ತವರಿನ ಮನೆಹೆಸರು, ಬ್ಯಾಂಕಿನಲ್ಲಿ ನಮ್ಮ ಮನೆಹೆಸರು. ದಾಖಲೆ ಒಪ್ಪಿಗೆಯಾಗದೆ ವಾಪಸ್ ಬಂತು. ತಿದ್ದುಪಡಿ, ಅಫಿಡವಿಟ್ಟು, ಮತ್ತೆ ಅಪ್‌ಲೋಡು. ಜುಲೈ ತಿಂಗಳು, ಮೂರು ದಿನ ಕರೆಂಟಿಲ್ಲ. ಅಷ್ಟು ಕಷ್ಟಪಟ್ಟು ಗಳಿಸಿದ ವೇಗದಲ್ಲಿ ಆರು ವಾರ ಒಂದು ಇನಿಶಿಯಲ್ ತಿಂದುಹಾಕಿತು. ಮನೆಯಲ್ಲಿ ಯಾರಾದರೂ ಹೊರಡುವ ಆಲೋಚನೆಯಲ್ಲಿದ್ದರೆ ಈಗಲೇ ಎಲ್ಲ ಕಾಗದ ಮೇಜಿನ ಮೇಲೆ ಹರಡಿ ಹೆಸರು ನೋಡಿ. ಅಂದಹಾಗೆ, ಹಿರಿಯರು ಅಕ್ಕಿ ಹಾಕಿ ಹರಸಿದ ಮದುವೆ ನಮಗೆ ದೊಡ್ಡದು, ವೀಸಾದವರಿಗೆ ಬೇಕಾದದ್ದು ಸಬ್‌ರಿಜಿಸ್ಟ್ರಾರ್ ಕಚೇರಿಯ ಸರ್ಟಿಫಿಕೇಟು. ಮದುವೆಯ ಗಲಾಟೆ ಮುಗಿದ ವಾರವೇ ಮಾಡಿಸಿ.

ಅವಳಿರುವ ಕ್ಷೇತ್ರದ ಕಾಂಗ್ರೆಸ್ ಸದಸ್ಯರ ಕಚೇರಿಗೂ ಬರೆದೆವು. ಅಲ್ಲಿ ಇದು ಶಿಫಾರಸಿನ ಹಾಗಲ್ಲ, ಮತದಾರರ ಕೆಲಸ ಎಂದೇ ಮಾಡಿಕೊಡುತ್ತಾರೆ. ಒಪ್ಪಿಗೆಯ ಫಾರಂ ತುಂಬಿಸಿಕೊಂಡು ಫೈಲು ಎಲ್ಲಿದೆ ಎಂದು ವಿಚಾರಿಸುತ್ತಾರೆ. ಆಜ್ಞೆ ಮಾಡಲಾರರು. ನಮಗೆ ಅದರಿಂದ ಆದ ಉಪಕಾರ ಎಂದರೆ ಫೈಲು ಎಲ್ಲಿ ನಿಂತಿದೆ ಎಂದು ಸರಿಯಾಗಿ ಗೊತ್ತಾಯಿತು. ಅದೂ ಸಣ್ಣದೇನಲ್ಲ.

ಈಗ ಆ ಇನ್ನೊಂದು ಕಥೆ. ಸೋಮವಾರಪೇಟೆ ಕಡೆಯ ಒಂದು ಕುಟುಂಬ, ಹೆಸರು ಬೇಡ. ಅಲ್ಲಿ ಗಂಡ ಅಮೆರಿಕದಲ್ಲಿ, ಹೆಂಡತಿ ಇಲ್ಲಿ. ಕಾಯಿಲೆ ಹೆಂಡತಿಗೆ, ಅಂದರೆ ವೀಸಾ ಬೇಕಾದವರಿಗೇ. ಖಿನ್ನತೆ ನಿಜ. ಒಮ್ಮೆ ಅಳುತ್ತಾ "ಸತ್ತುಹೋಗೋಣ ಅನ್ಸುತ್ತೆ" ಎಂದಿದ್ದರಂತೆ. ಬೇಗ ಆಗಲಿ ಅಂತ ಮನೆಯವರು ಒಬ್ಬ ಡಾಕ್ಟರಿಂದ ಅದನ್ನು ದೊಡ್ಡದು ಮಾಡಿ ಬರೆಸಿದರು, ಜೀವ ತೆಗೆದುಕೊಳ್ಳಲು ಪ್ರಯತ್ನಿಸಿದ್ದಾರೆ, ಮತ್ತೆ ಮಾಡಬಹುದು ಎಂದು. ಫೈಲು ಓಡಿತು. ಮೆಡಿಕಲ್‌ನಲ್ಲಿ ನಿಂತಿತು.

ಯಾಕೆಂದರೆ ಅಮೆರಿಕದ ಕಾನೂನಿನಲ್ಲಿ ಹೀಗಿದೆ. ಮಾನಸಿಕ ಕಾಯಿಲೆ ಇದೆ ಎಂಬುದಕ್ಕೇ ವೀಸಾ ನಿರಾಕರಿಸುವುದಿಲ್ಲ. ಆ ಕಾಯಿಲೆಯಿಂದ ತನಗೋ ಬೇರೆಯವರಿಗೋ ಆಸ್ತಿಗೋ ಅಪಾಯ ತರುವ ನಡವಳಿಕೆ ಈಗ ಇದ್ದರೆ, ಅಥವಾ ಹಿಂದೆ ಇದ್ದು ಮತ್ತೆ ಬರುವ ಸಂಭವ ಇದ್ದರೆ ತಡೆಯುತ್ತಾರೆ. ದೂತಾವಾಸ ಗೊತ್ತು ಮಾಡಿದ ವೈದ್ಯರು ಅದನ್ನು ನೋಡುತ್ತಾರೆ. ಆ ಕಾಗದ ಬರೆದದ್ದೂ ಅದನ್ನೇ ಅಲ್ವಾ? ಮನೋವೈದ್ಯರ ವರದಿ ತನ್ನಿ ಎಂದರು. ಈಗ ಮನೆಯವರು "ಅದು ಸುಮ್ನೆ ಬರೆಸಿದ್ದು" ಎನ್ನುವಂತಿಲ್ಲ, ಎಂದರೆ ಸುಳ್ಳು ದಾಖಲೆ ಕೊಟ್ಟ ಹಾಗೆ, ಅದು ಇನ್ನೂ ದೊಡ್ಡ ಗುಂಡಿ. ತಿಂಗಳುಗಟ್ಟಲೆ ಸಿಕ್ಕಿಕೊಂಡರು. ಕಾಯಿಲೆಯವರ ಕಾಯಿಲೆ ಅಷ್ಟರಲ್ಲಿ ಎರಡು ಪಟ್ಟಾಗಿತ್ತು.

ಹಾಗಾಗಿ ಸಲಹೆ ಕೇಳಿ ಫೋನ್ ಮಾಡಿದವರಿಗೆ ನಾನು ಕೇಳುವ ಮೊದಲ ಪ್ರಶ್ನೆ: ಕಾಯಿಲೆ ಯಾರಿಗೆ, ಕರೆಸುವವರಿಗಾ, ಹೋಗುವವರಿಗಾ? ನನ್ನ ಹೆಂಡತಿ ಕರೆಸುವವಳು, ಅಲ್ಲಿಯ ಪೌರಳು. ಅವಳ ಕಾಯಿಲೆ ನನ್ನ ಮೆಡಿಕಲ್‌ಗೆ ಅಡ್ಡ ಬರುವುದಿಲ್ಲ. ಹೋಗುವವರೇ ಕಾಯಿಲೆಯವರಾದರೆ ಪ್ರತಿ ಅಕ್ಷರವನ್ನೂ ಎರಡು ಸಲ ಓದುತ್ತಾರೆ ಎಂದು ತಿಳಿದು ನಿಜವನ್ನೇ ಬರೆಸಬೇಕು. ಮುಚ್ಚಿಡಿ ಎಂದು ನಾನು ಹೇಳುತ್ತಿಲ್ಲ. ನಿಜವಾಗಿ ಅಂಥ ಯೋಚನೆ ಬರುತ್ತಿದ್ದರೆ ವೀಸಾ ಪಕ್ಕಕ್ಕಿಡಿ, ಇವತ್ತೇ ಡಾಕ್ಟರ ಹತ್ತಿರ ಹೋಗಿ. 14416 ಎಂಬ ನಂಬರು ಬರೆದುಕೊಳ್ಳಿ. ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಅಮೆರಿಕದಲ್ಲಿರುವ ನಿಮ್ಮವರಿಗೆ 988. ನಮ್ಮ ಫ್ರಿಜ್ಜಿನ ಮೇಲೆ ಈಗಲೂ ಆ ನಂಬರು ಅಂಟಿಸಿದೆ.

ಬೇರೆ ದೇಶಗಳ ಬಗ್ಗೆ ಚೀಟಿ ಬಂದಿದೆ. ಕೆನಡಾದಲ್ಲಿ ಚಿಕಿತ್ಸೆಯ ಖರ್ಚು ಸರ್ಕಾರಕ್ಕೆ ಹೊರೆ ಎಂದು ಕೆಲವರನ್ನು ನಿರಾಕರಿಸುತ್ತಾರೆ, ಆದರೆ ಸ್ಪಾನ್ಸರ್ ಮಾಡಿದ ಗಂಡ-ಹೆಂಡತಿಗೆ ಆ ನಿಯಮ ಅನ್ವಯಿಸುವುದಿಲ್ಲ. ಇದು ತುಂಬ ಜನರಿಗೆ ಗೊತ್ತಿಲ್ಲ, ಸುಮ್ನೆ ಹೆದರುತ್ತಾರೆ. ಬ್ರಿಟನ್ನಿನಲ್ಲಿ ತಡೆ ಹೆಚ್ಚಾಗಿ ಸಂಪಾದನೆಯದು, 2024ರ ಏಪ್ರಿಲ್‌ನಲ್ಲಿ ವರ್ಷಕ್ಕೆ 18,600 ಪೌಂಡ್ ಇದ್ದದ್ದನ್ನು 29,000 ಮಾಡಿದರು.

"ಟೂರಿಸ್ಟ್ ವೀಸಾದಲ್ಲಿ ಹೋಗಿ ಉಳಿದುಬಿಟ್ಟರೆ?" ಎಂದು ಹಿಂದಿನ ಸಾಲಿನ ಅಣ್ಣ ಕೇಳಿದ್ದಾರೆ. ಹೋಗಿ ನೋಡಿಕೊಂಡು ಬರುತ್ತೇನೆ ಎಂದು ಹೇಳಿ ಉಳಿಯುವ ಯೋಚನೆ ಇಟ್ಟುಕೊಂಡಿದ್ದರೆ ಅದು ಸುಳ್ಳು ಹೇಳಿದ ಹಾಗೆ, ಮುಂದಿನ ಬಾಗಿಲೂ ಮುಚ್ಚೀತು. ನಿಜವಾಗಿಯೂ ನೋಡಿಕೊಂಡು ಬರಲು ಅರ್ಜಿ ಹಾಕಬಹುದು, ಆದರೆ ಐ-130 ಹಾಕಿದವನು ವಾಪಸ್ ಬರುತ್ತಾನೆ ಎಂದು ಅಧಿಕಾರಿಯನ್ನು ನಂಬಿಸುವುದು ಸುಲಭವಲ್ಲ. ನನ್ನನ್ನು ನಂಬಲಿಲ್ಲ. ಏಳು ಎಕರೆ ಕಾಫಿಯ ಆರ್‌ಟಿಸಿ ತೋರಿಸಿದೆ, ಆ ಕಡೆಯವರು ಕಾಗದ ಮುಟ್ಟಲೂ ಇಲ್ಲ.

ಸಂದರ್ಶನ ಕೊನೆಗೆ ಎಂಟು ನಿಮಿಷದಲ್ಲಿ ಮುಗಿಯಿತು. ಮದುವೆಯ ಫೋಟೊ ನೋಡಿ, ಈ ಪೇಟದವರು ಯಾರು ಎಂದು ಕೇಳಿದರು. ನಾನೇ ಎಂದೆ.

ಮುಂದಿನ ಸಾಲಿನ ಅಕ್ಕ ಒಬ್ಬರು ಕೇಳಿದ್ದಾರೆ, ಅವ್ವನಿಗೆ ಆಮೇಲೆ ನಿಜ ಹೇಳಿದೆಯಾ ಎಂದು. ಹೊರಡುವ ಹಿಂದಿನ ರಾತ್ರಿ ಹೇಳಿದೆ. ಒಲೆಯ ಮುಂದೆ ಕೂತಿದ್ದರು. ತಲೆ ಎತ್ತಲಿಲ್ಲ. "ಇಪ್ಪತ್ತು ವರ್ಷದಿಂದ ಥೈರಾಯ್ಡ್ ಮಾತ್ರೆ ನುಂಗ್ತಿರೋಳು ನಾನು. ನನ್ನ ಹತ್ರ ಬಂದು ಥೈರಾಯ್ಡ್ ಅಂತೀಯಲ್ಲ, ನಂಗೆ ಮೊದಲ ದಿನವೇ ಗೊತ್ತಿತ್ತು" ಎಂದರು. ಆಮೇಲೆ ಒಳಗೆ ಹೋಗಿ, ಸೊಸೆಗೆ ಅಂತ ಕಟ್ಟಿಟ್ಟಿದ್ದ, ಅಡುಗೆಗೆ ಹಾಕುವ ಹುಳಿ ಕಾಚಂಪುಳಿಯ ಬಾಟಲಿಯನ್ನು ನನ್ನ ಪೆಟ್ಟಿಗೆಗೆ ಹಾಕಿದರು, ಎರಡು ಪ್ಲಾಸ್ಟಿಕ್ ಚೀಲ ಸುತ್ತಿ.